ಬಂಗಲೆ ಕಥೆಯ ಕೊನೆಯ ಎರಡು ಕಂತು

ಈಗಲೂ ಯಾವ ಕಾದಂಬರಿ ಕೈಗೆ ಬಂದರೂ ನಾನು ಮೊದಲು ತಿರುವಿ ನೋಡುವುದು ಕೊನೆಯ ಹಾಳೆಯನ್ನು. ಓದುವುದಕ್ಕಲ್ಲ, ಅದು ಇದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ. ಮೊಮ್ಮಗಳಿಗೆ ಇದೊಂದು ತಮಾಷೆ. ಅವಳು ತರುವ ಪುಸ್ತಕಗಳೆಲ್ಲ ಒಂದೇ ಜಾತಿಯವು: ಗಂಡ ಹೆಂಡತಿಗೆ ನಿಧಾನವಾಗಿ ಹುಚ್ಚು ಹಿಡಿಸುತ್ತಾನೆ, ಇಲ್ಲವೇ ಸಾಕಿದ ಮಗಳು ತಾಯಿಯ ನೆನಪನ್ನೇ ಸುಳ್ಳು ಮಾಡುತ್ತಾಳೆ. ನಾನೂ ಓದುತ್ತೇನೆ. ಛೀ ಥೂ ಎನ್ನುತ್ತಲೇ ಓದುತ್ತೇನೆ, ಒಲೆಯ ಮೇಲೆ ಅನ್ನ ಸೀದರೂ ಏಳುವುದಿಲ್ಲ. ಆ ಚಟ ಹಿಡಿಸಿದವಳು ನನ್ನ ಚಿಕ್ಕಮ್ಮ ಲಲಿತ, ಅಪ್ಪನ ತಮ್ಮನ ಹೆಂಡತಿ. ಅವಳು ನನಗೆ ಓದಿನ ರುಚಿ ಹತ್ತಿಸಿದಳು, ನಾನು ಅವಳನ್ನು ಮನೆಯಿಂದ ಹೊರಗೆ ಹಾಕಿಸಿದೆ. ಇದನ್ನು ಇಷ್ಟು ನೆಟ್ಟಗೆ ಹೇಳುವುದಕ್ಕೆ ನನಗೆ ಮುದುಕಿಯಾಗುವಷ್ಟು ಕಾಲ ಹಿಡಿಯಿತು.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಒಂದು ಉದ್ದನೆಯ ಮನೆ. ರೈಲು ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಕೋಣೆ. ಬೀದಿಬಾಗಿಲಲ್ಲಿ ನಿಂತರೆ ಹಿತ್ತಲಿನ ನುಗ್ಗೆಮರ ಕಾಣುತ್ತಿತ್ತು. ಹಜಾರದಲ್ಲಿ ಎರಡು ಗುಂಡಿ ಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಚಿಕ್ಕಪ್ಪ, ಇಬ್ಬರೂ ಸೊಂಟದವರೆಗೆ ನೆಲದೊಳಗೆ. ಹೆಂಚಿನ ನಡುವೆ ಕೂರಿಸಿದ್ದ ಗಾಜಿನಿಂದ ಬೆಳಕು ಬೀಳುತ್ತಿದ್ದದ್ದು ಮಗ್ಗದ ಮೇಲೆ ಮಾತ್ರ, ಮನುಷ್ಯರ ಮೇಲಲ್ಲ. ಮಗ್ಗದ ಆಚೆ ಗೋಡೆಯ ಬದಿಗೆ ಹೆಂಗಸರು ರಾಟೆ ಇಟ್ಟುಕೊಂಡು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು: ಅಮ್ಮ, ಚಿಕ್ಕಮ್ಮ, ಪಕ್ಕದ ಬೀದಿಯಿಂದ ಕೂಲಿಗೆ ಬರುತ್ತಿದ್ದ ನಂಜಮ್ಮ. ಊಟ, ಜಗಳ, ಜ್ವರ, ಎಲ್ಲವೂ ಆ ಲಾಳಿಯ ಸದ್ದಿನೊಳಗೇ ನಡೆಯುತ್ತಿದ್ದವು. ಸದ್ದು ನಿಂತರೆ ಮಲಗಿದ್ದ ಕೂಸೂ ಎದ್ದು ಅಳುತ್ತದೆ ಎಂದು ನಮ್ಮ ಬೀದಿಯಲ್ಲಿ ಹೇಳುತ್ತಿದ್ದರು, ಅದು ನಿಜ ಕೂಡ.

ಈ ಮನೆಯ ಯಜಮಾನಿಕೆ ಅಪ್ಪನದಲ್ಲ, ಅಜ್ಜಿಯದು. ಅಜ್ಜಿಯದು ಎನ್ನುವುದಕ್ಕಿಂತ ಅಜ್ಜಿಯ ನಾಲಗೆಯದು. ಹಿತ್ತಲಿನಲ್ಲಿ ದೊಡ್ಡ ಒಲೆಯ ಮೇಲೆ ತಾಮ್ರದ ಹಂಡೆಯಿಟ್ಟು ರೇಷ್ಮೆಗೆ ಬಣ್ಣ ಹಾಕುತ್ತಿದ್ದೆವು. ಬಣ್ಣದ ನೀರಿನಲ್ಲಿ ಹುಳಿ ಹೆಚ್ಚಾದರೆ ನೂಲು ಸುಡುತ್ತದೆ, ಕಮ್ಮಿಯಾದರೆ ಬಣ್ಣ ಕೂರುವುದಿಲ್ಲ. ಆ ಹದ ನೋಡುವುದು ಅಜ್ಜಿ. ಹಂಡೆಯಿಂದ ಮರದ ಸೌಟಿನಲ್ಲಿ ಒಂದಿಷ್ಟು ಎತ್ತಿ, ಆರಿಸಿ, ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಬಣ್ಣ ಹಾಕುವ ದಿನ ಹಲ್ಲುಜ್ಜಿದ ಮೇಲೆ ಒಂದು ತೊಟ್ಟು ನೀರನ್ನೂ ಕುಡಿಯುತ್ತಿರಲಿಲ್ಲ. ಬೇರೆ ರುಚಿ ತಗುಲಿದರೆ ನಾಲಗೆ ಮೋಸ ಮಾಡುತ್ತದಂತೆ. ಅವಳು "ಬಂತು" ಎಂದ ಮೇಲೆಯೇ ನೂಲಿನ ಲಡಿಗಳು ಹಂಡೆಗೆ ಇಳಿಯುತ್ತಿದ್ದವು. ಬೀದಿಯ ಇನ್ನೂ ನಾಲ್ಕು ಮನೆಯವರು ಕರೆದುಕೊಂಡು ಹೋಗಿ ಅವಳಿಂದ ಹದ ನೋಡಿಸುತ್ತಿದ್ದರು. ಬಣ್ಣ ಬಿಡುತ್ತದೆ ಎಂಬ ದೂರು ನಮ್ಮ ಮನೆಯ ಸೀರೆಗೆ ಒಮ್ಮೆಯೂ ಬಂದಿರಲಿಲ್ಲ. ಚಿಕ್ಕಪ್ಪ ಮದುವೆಯಾದ ವರ್ಷ ಪೇಟೆಯಿಂದ ಹೊಸದೊಂದು ಸಾಮಾನು ತಂದ, ಕಿತ್ತಳೆ ಬಣ್ಣದ ಹರಳು, ಕಲ್ಲುಸಕ್ಕರೆಯಷ್ಟು ಚೆಂದ. ಕಪ್ಪು, ಕಾಫಿ ಬಣ್ಣಗಳು ಕಲ್ಲಿನ ಮೇಲೆ ಬರೆದ ಹಾಗೆ ಕೂರುತ್ತವೆ ಎಂದ. ಕೂತವು ಕೂಡ. ಅಜ್ಜಿ ಆ ನೀರಿನ ಹದವನ್ನೂ ಹಾಗೆಯೇ ನೋಡುತ್ತಿದ್ದಳು.

ಚಿಕ್ಕಮ್ಮ ದೇವನಹಳ್ಳಿ ಕಡೆಯ ವಿಜಯಪುರದವಳು. ಏಳನೇ ಕ್ಲಾಸು ಪಾಸಾಗಿದ್ದಳು. ನಮ್ಮ ಮನೆಗೆ ಅದೇ ಒಂದು ಡಿಗ್ರಿ. ಅವಳ ಪೆಟ್ಟಿಗೆಯಲ್ಲಿ ಎರಡು ಸೀರೆಯ ಕೆಳಗೆ ಒಂದು ದಪ್ಪ ಪುಸ್ತಕವಿತ್ತು. ಪುಸ್ತಕವೆಂದರೆ ಅಂಗಡಿಯದಲ್ಲ, ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿಟ್ಟು, ಕೊನೆಗೆ ರೇಷ್ಮೆ ದಾರದಲ್ಲಿ ಹೊಲಿದು, ರಟ್ಟು ಹಾಕಿ ತಾನೇ ಮಾಡಿಕೊಂಡದ್ದು. ಹೆಸರಿದ್ದ ಹಾಳೆ ಎಂದೋ ಹರಿದಿತ್ತು. ನಾವು ಅದನ್ನು ಬಂಗಲೆ ಕಥೆ ಎನ್ನುತ್ತಿದ್ದೆವು. ಬೆಟ್ಟದ ಮೇಲೊಂದು ಬಂಗಲೆ, ಅಲ್ಲೊಬ್ಬಳು ಶ್ರೀಮಂತ ಮುದುಕಿ. ಅವಳ ಕನ್ನಡಕ ಇಟ್ಟಲ್ಲಿ ಇರುವುದಿಲ್ಲ. ಹಾಲಿನ ರುಚಿ ದಿನಕ್ಕೊಂದು ಥರ. ತನ್ನನ್ನು ಯಾರೋ ಕೊಲ್ಲುತ್ತಿದ್ದಾರೋ, ತನಗೇ ತಲೆ ಕೆಟ್ಟಿದೆಯೋ ಎಂದು ಅವಳಿಗೆ ತಿಳಿಯದು. ಸುತ್ತ ಇರುವವರು ನಾಲ್ವರು: ಮಗ, ಸೊಸೆ, ಅಣ್ಣನ ಮಗ, ನರ್ಸು. ನಾಲ್ವರೂ ಒಳ್ಳೆಯವರೇ.

ಮೊದಲ ಸಲ ಅದನ್ನು ನನ್ನ ಕೈಗೆ ಕೊಟ್ಟಾಗ ಚಿಕ್ಕಮ್ಮ ಹೇಳಿದ್ದಳು:

"ದೆವ್ವ ಗಿವ್ವ ಏನೂ ಇಲ್ಲ ಇದ್ರಲ್ಲಿ. ಬರೀ ಮನುಷ್ಯರೇ. ಅದಕ್ಕೇ ಕಣೆ ಜಾಸ್ತಿ ಹೆದ್ರಿಕೆ ಆಗೋದು."

ಮನೆಯವರಿಗೆ ಮೊದಲು ಓದಿ ಹೇಳತೊಡಗಿದ್ದು ಅವಳೇ. ಎರಡೇ ದಿನಕ್ಕೆ ಅಜ್ಜಿ ತಡೆದಳು. ಸೊಸೆಯ ಗಂಟಲು ಬೀದಿಗೆ ಕೇಳಬಾರದು, ಅಲ್ಲದೆ ಪುಸ್ತಕ ಹಿಡಿದ ಕೈ ರಾಟೆ ತಿರುಗಿಸುವುದಿಲ್ಲ.

"ಸುಸೀಲಿ ಓದ್ಲಿ. ಇಸ್ಕೂಲಿಗೆ ಹೋಗಿ ಏನ್ ಕಡಿದವ್ಳೆ ಅಂತ ನಂಗೂ ಗೊತ್ತಾಗ್ಲಿ," ಎಂದಳು.

ಹಾಗೆ ಆ ಪುಸ್ತಕ ನನ್ನ ಕೈಗೆ ಬಂತು. ಹನ್ನೆರಡು ವರ್ಷದ ಹುಡುಗಿಗೆ ಇದಕ್ಕಿಂತ ದೊಡ್ಡ ಪಟ್ಟ ಬೇಕೆ? ಮಧ್ಯಾಹ್ನ ಮುದ್ದೆ ಉಂಡು ಎಲ್ಲರೂ ಕೆಲಸಕ್ಕೆ ಕೂತ ಮೇಲೆ ನಾನು ಹೊಸ್ತಿಲ ಮೇಲೆ ಕೂತು ಓದುತ್ತಿದ್ದೆ. ಬೇಸಿಗೆ ರಜೆಯಾದ್ದರಿಂದ ದಿನಕ್ಕೆ ಒಂದು ಕಂತು, ಭಾನುವಾರ ಎರಡು. ಲಾಳಿಯ ಸದ್ದಿಗೆ ಮೇಲಾಗಿ ಕೂಗಿ ಓದಬೇಕಿತ್ತು. ಮುದುಕಿ ಹಾಲಿನ ಲೋಟ ತುಟಿಗಿಟ್ಟುಕೊಳ್ಳುವ ಜಾಗ ಬಂದರೆ ಮಾತ್ರ ಎರಡೂ ಲಾಳಿ ತಾವಾಗಿ ನಿಲ್ಲುತ್ತಿದ್ದವು. ಹಾಗೆ ಮಗ್ಗ ನಿಲ್ಲಿಸಿ ಮತ್ತೆ ಶುರುಮಾಡಿದರೆ ಬಟ್ಟೆಯಲ್ಲಿ ಅಡ್ಡಕ್ಕೆ ಒಂದು ಸಣ್ಣ ಗೆರೆ ಉಳಿಯುತ್ತದೆ, ಕಣ್ಣು ಬಲ್ಲವರಿಗೆ ಕಾಣುತ್ತದೆ. ಆ ತಿಂಗಳ ಸೀರೆಗಳಲ್ಲಿ ಅಂಥ ಗೆರೆ ಎಷ್ಟೋ. ಅಪ್ಪ ಮಡಿಸುವಾಗ ಬೆರಳಿಟ್ಟು ತೋರಿಸುತ್ತಿದ್ದರು.

"ನೋಡು, ಇಲ್ಲಿ ನರ್ಸು ಬಾಗಿಲು ತೆಗೆದಿದ್ದು," ಎನ್ನುತ್ತಿದ್ದರು.

ನಂಜಮ್ಮನಿಗೆ ಹಿತ್ತಲಿಗೆ ಒಬ್ಬಳೇ ಹೋಗಲು ಭಯವಾಯಿತು. ಅಮ್ಮ ಉಪ್ಪಿನ ಮರಿಗೆಯ ಜಾಗ ಬದಲಾದರೆ ಬೆಚ್ಚುತ್ತಿದ್ದಳು. ಅಜ್ಜಿಯಂತೂ ಆ ಮುದುಕಿಯೇ ಆಗಿಬಿಟ್ಟಳು. ತನ್ನ ನಶ್ಯದ ಡಬ್ಬಿ ಯಾರು ಮುಟ್ಟಿದರು, ಕೋಲು ಬಾಗಿಲ ಹಿಂದೆ ಹೇಗೆ ಬಂತು ಎಂದು ವಿಚಾರಣೆ ನಡೆಸುತ್ತಿದ್ದಳು. ನಾವು ನಗುತ್ತಿದ್ದೆವು. ನಗು ಬಹಳ ದಿನ ಉಳಿಯಲಿಲ್ಲ, ಏಕೆಂದರೆ ಅಜ್ಜಿಗೆ ನಿಜಕ್ಕೂ ಮೈಗೆ ಸರಿಯಿರಲಿಲ್ಲ. ಹೊಟ್ಟೆಯಲ್ಲಿ ಉರಿ, ಉಂಡದ್ದು ನಿಲ್ಲುತ್ತಿರಲಿಲ್ಲ, ಸಂಜೆಯಾದರೆ ಪಾದ ಊದುತ್ತಿತ್ತು. ಬೆರಳ ಸಂದಿನಲ್ಲಿ ಹುಣ್ಣಾಗಿ ಮಾಯುತ್ತಲೇ ಇರಲಿಲ್ಲ. ಊರಿನ ಡಾಕ್ಟರು ಬಿಳಿ ನೀರಿನ ಔಷಧಿ ಕೊಟ್ಟು ಖಾರ ಬಿಡಿ ಎಂದರು. ಚಿಕ್ಕಮ್ಮ ಸಂಜೆ ಸಂಜೆಗೆ ಬಿಸಿ ಹಾಲು ತಂದು ಕೊಡುತ್ತಿದ್ದಳು, ಕಾಲು ನೀವುತ್ತಿದ್ದಳು. ಅವಳು ಕಾಲಿಟ್ಟ ವರ್ಷದಿಂದಲೇ ಅಜ್ಜಿಗೆ ಹೀಗೆ ಎಂದು ಬೀದಿಯಲ್ಲಿ ಯಾರೋ ಅಂದಿದ್ದರು. ಕಾಲ್ಗುಣದ ಮಾತು ಯಾವ ಸೊಸೆಯನ್ನು ಬಿಟ್ಟಿದೆ. ಮನೆಯೊಳಗೆ ಮಾತ್ರ ಅದು ಇನ್ನೂ ಬಂದಿರಲಿಲ್ಲ.

ಈ ನಡುವೆ ನನಗೂ ಚಿಕ್ಕಮ್ಮನಿಗೂ ಮನಸ್ಸು ಮುರಿಯಿತು. ತಪ್ಪು ನನ್ನದೇ. ಮಗ್ಗದಲ್ಲಿ ಉಳಿಯುವ ತುಂಡು ರೇಷ್ಮೆಯನ್ನು ಅಮ್ಮ ಒಂದು ಚೀಲದಲ್ಲಿ ಕೂಡಿಡುತ್ತಿದ್ದಳು. ನಾನು ಅದರಿಂದ ಒಂದೊಂದು ಹಿಡಿ ಕದ್ದು, ಬೀದಿಗೆ ಬರುವ ಕಡಲೆ ಮಿಠಾಯಿಯವನಿಗೆ ಕೊಟ್ಟು ಮಿಠಾಯಿ ತಿನ್ನುತ್ತಿದ್ದೆ. ಚೀಲ ಇಳಿದದ್ದು ಕಂಡು ಅಮ್ಮ ನಂಜಮ್ಮನ ಮೇಲೆ ಹಾರಿದಳು. ನಂಜಮ್ಮ ಸೆರಗು ಕೊಡವಿ ತೋರಿಸುತ್ತಾ ಅಳುತ್ತಿದ್ದಳು. ನಾನು ಹೊಸ್ತಿಲ ಮೇಲೆ ಸುಮ್ಮನೆ ಕೂತು ನೋಡುತ್ತಿದ್ದೆ. ಆಗ ಚಿಕ್ಕಮ್ಮ ರಾಟೆ ನಿಲ್ಲಿಸಿ ಹೇಳಿದಳು:

"ಅಕ್ಕಾ, ಆವಮ್ಮನ್ನ ಬಿಡಿ. ಸುಶೀಲ ತಗೊಂಡೋಗಿದ್ದು ನಾನೇ ನೋಡಿದ್ದೀನಿ."

ಅಮ್ಮ ಮಗ್ಗದ ಕೋಲು ತೆಗೆದುಕೊಂಡು ನನ್ನ ಮೀನಖಂಡಗಳ ಮೇಲೆ ಬಿಟ್ಟಳು, ಅದೂ ನಂಜಮ್ಮನ ಎದುರಿಗೇ. ಆ ಹೊತ್ತಿಗೆ ನಾನು ಚಿಕ್ಕಮ್ಮನನ್ನು ದ್ವೇಷಿಸಿದಷ್ಟು ಇವತ್ತಿನವರೆಗೆ ಯಾರನ್ನೂ ದ್ವೇಷಿಸಿಲ್ಲ. ಅವಳು ರಾತ್ರಿ ಹರಳೆಣ್ಣೆ ಹಚ್ಚಲು ಬಂದರೆ ಕಾಲು ಎಳೆದುಕೊಂಡೆ. ನಾಲ್ಕು ದಿನ ಅವಳ ಜೊತೆ ಮಾತಾಡಲಿಲ್ಲ. ಐದನೆಯ ದಿನ ಅಮಾವಾಸ್ಯೆ.

ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ಅರಿಸಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಗಂಡಸರು ತಲೆಗೆ ನೀರು ಹಾಕಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದರು. ಆ ದಿನ ಬಂಗಲೆ ಕಥೆಯನ್ನು ಮುಗಿಸಿಬಿಡಬೇಕೆಂದು ಹಿಂದಿನ ವಾರವೇ ಮಾತಾಗಿತ್ತು. ಬೆಳಿಗ್ಗೆ ನಾನು ಹಿತ್ತಲ ಬಾಗಿಲ ಗೂಡಿನಿಂದ ಪುಸ್ತಕ ತೆಗೆದೆ. ಹಿಂದಿನ ರಟ್ಟು ಜೋತಾಡುತ್ತಿತ್ತು. ಕೊನೆಯ ಎರಡು ಕಂತು ಇರಲೇ ಇಲ್ಲ. ಕೆಳಗೆ ಒಲೆಯ ಬಾಯಲ್ಲಿ ಅರ್ಧ ಸುಟ್ಟ ಒಂದು ಮೂಲೆ ಬಿದ್ದಿತ್ತು. ಅಜ್ಜಿ ಸ್ನಾನದ ನೀರಿಗೆ ಬಣ್ಣದ ಒಲೆ ಹಚ್ಚಲು ಕಾಗದ ಹುಡುಕಿ ಹಿಂದಿನಿಂದ ಹರಿದುಕೊಂಡಿದ್ದಳು. ಅವಳಿಗೆ ಅಕ್ಷರ ಬಾರದು. ಮುಂದೂ ಒಂದೇ, ಹಿಂದೂ ಒಂದೇ.

ಆಗ ನಾನು ಮಾಡಬೇಕಾಗಿದ್ದದ್ದು ಒಂದೇ. ಅಡುಗೆಮನೆಗೆ ಹೋಗಿ "ಚಿಕ್ಕಮ್ಮಾ, ಕೊನೆ ಹಾಳೆ ಇಲ್ಲ, ಏನಾಯ್ತು ಹೇಳು" ಎಂದಿದ್ದರೆ ಮುಗಿಯುತ್ತಿತ್ತು. ಅವಳು ವಾರವಾರ ಓದಿ ಮುಗಿಸಿದ ಕಥೆ ಅದು. ಆದರೆ ನಾನು ಮಾತು ಬಿಟ್ಟಿದ್ದೆನಲ್ಲ! ಜೊತೆಗೆ ನನ್ನ ಪಟ್ಟ ಹೋಗುತ್ತಿತ್ತು. ಕೊನೆಯ ದಿನ ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ನಾನು ಹಳೆಯ ರಟ್ಟನ್ನು ಒತ್ತಿ ಹಿಡಿದು, ಉಳಿದ ಕಡೆಯ ಹಾಳೆಯನ್ನು ಕಣ್ಣೆದುರು ಇಟ್ಟುಕೊಂಡು, ಇಲ್ಲದ್ದನ್ನು ಓದಿದೆ.

ಅದು ನಾನು ಕಟ್ಟಿದ ಮೊದಲ ಕಥೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಚೆನ್ನಾಗಿಯೇ ಕಟ್ಟಿದೆ. ಪತ್ರಿಕೆಯ ಭಾಷೆ ಆ ಹೊತ್ತಿಗೆ ನನ್ನ ಬಾಯಲ್ಲೇ ಇತ್ತು. ವಿಷ ಹಾಕುತ್ತಿದ್ದವಳು ಸೊಸೆ ಎಂದೆ. ಕಾಲು ನೀವುವವಳು, ಮಾತಾಡದವಳು, ಎಲ್ಲರಿಗೂ ನ್ಯಾಯ ಹೇಳುವವಳು. ಹಾಲಿನಲ್ಲಿ ದಿನಕ್ಕೆ ಒಂದು ಸಾಸಿವೆ ಕಾಳಿನಷ್ಟು ಹಾಕುತ್ತಿದ್ದಳು ಎಂದೆ. ಅದು ನಿಧಾನ ವಿಷ, ಒಂದು ದಿನ ಕುಡಿದರೆ ಏನೂ ಆಗದು, ವರ್ಷ ಕುಡಿದರೆ ಹೊಟ್ಟೆ ಉರಿದು ಪಾದ ಊದುತ್ತದೆ ಎಂದೆ. ಪಾದದ ಮಾತು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಅದು ನನ್ನ ಬಾಯಿಗೆ ಹೇಗೆ ಬಂತೆಂದು ಈಗಲೂ ಕೇಳಿಕೊಳ್ಳುತ್ತೇನೆ. ಎದುರಿಗೆ ಅಜ್ಜಿ ಕಾಲು ಚಾಚಿ ಕೂತಿದ್ದಳು, ಬಂತು, ಅಷ್ಟೇ.

ಓದು ಮುಗಿಯಿತು. ಚಿಕ್ಕಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅದು ಹಂಗಲ್ಲ," ಎಂದಳು. "ಅತ್ತೇ, ವಿಷ ಹಾಕಿದ್ದು ಸೊಸೆ ಅಲ್ಲ. ಇವಳು ಬೇರೆ ಏನೋ ಓದ್ತಾವ್ಳೆ. ಸುಶೀಲ, ಆ ಪುಸ್ತಕ ಇಲ್ಲಿ ಕೊಡು."

ಅಜ್ಜಿ ಅವಳತ್ತ ತಿರುಗಲಿಲ್ಲ. ತನ್ನ ಊದಿದ ಪಾದಗಳನ್ನೇ ನೋಡುತ್ತಿದ್ದಳು.

"ಕತೆಲಿ ಬರೋ ಸೊಸೆನ ಅಂದ್ರೆ ನಿಂಗ್ಯಾಕೆ ಚುಚ್ತು? ಕುಂಬ್ಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ನಂತೆ."

"ಅತ್ತೆ, ನಾನು ಓದಿದ್ದೀನಿ ಅದನ್ನ..."

"ಸುಸೀಲಿ, ಏನಮ್ಮಿ, ಅದ್ರಲ್ಲಿ ಹಂಗೇ ಬರ್ದೈತಾ?"

"ಹೂಂ ಅಜ್ಜಿ. ಹಂಗೇ ಇದೆ," ಎಂದೆ.

ಚಿಕ್ಕಪ್ಪ ಒಂದು ಸಲ ಹೆಂಡತಿಯ ಮುಖ ನೋಡಿ, ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವನ ಸ್ವಭಾವವೇ ಹಾಗೆ, ಕಷ್ಟದ ಮಾತು ಬಂದರೆ ಕಾಲು ಬೀದಿಗೆ. ನಾನು ಹಿತ್ತಲಿಗೆ ಓಡಿದೆ. ಚಿಕ್ಕಮ್ಮ ಪುಸ್ತಕ ಕೇಳುತ್ತಾಳೆ, ಹಾಳೆಯಿಲ್ಲದ್ದು ಕಾಣುತ್ತದೆ, ಅಮ್ಮನ ಕೋಲು ಮತ್ತೆ ಕೆಳಗಿಳಿಯುತ್ತದೆ. ಒಲೆಯಲ್ಲಿ ಬೂದಿಯ ಅಡಿ ಇನ್ನೂ ಕೆಂಡವಿತ್ತು. ಬಂಗಲೆ ಕಥೆಯನ್ನು ಅದರೊಳಗೆ ತುರುಕಿ ಊದುಗೊಳವೆಯಲ್ಲಿ ಊದಿದೆ. ರೇಷ್ಮೆ ದಾರ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಆ ವಾಸನೆಗೆ ಚಿಕ್ಕಮ್ಮ ಬಂದಳು, ನೋಡಿದಳು, ನನ್ನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತಳು. ಬೈಯಲಿಲ್ಲ.

"ಕೊನೆ ಎರಡು ಕಂತು ಇರ್ಲಿಲ್ಲ ಅಲ್ವಾ? ನಿಂಗೆ ಏಟು ಬಿದ್ದಿದ್ದು ತಪ್ಪೇ, ನಾನು ಬಂದು ತಡೀಬೇಕಿತ್ತು. ಅದಕ್ಕೆ ಬೇಕಾದ್ರೆ ನನ್ನ ಬೈಯಿ. ಆದ್ರೆ ಈಗ ಒಳಗೆ ಹೋಗಿ ಹೇಳ್ಬಿಡು ಕಣೆ. ನಿಂಗೆ ಏಟು ಬೀಳ್ದಂಗೆ ನಾನ್ ನೋಡ್ಕೋತೀನಿ."

ನಾನು ಊದುಗೊಳವೆಯನ್ನು ಅಲ್ಲೇ ಬಿಸಾಡಿ ಎದ್ದು ಹೋದೆ.

ಆ ಸಂಜೆ ಅವಳು ತಂದ ಹಾಲನ್ನು ಅಜ್ಜಿ ಕುಡಿಯಲಿಲ್ಲ. ಲೋಟವನ್ನು ಬೆಕ್ಕಿನ ಮುಂದೆ ಸುರಿದಳು. ಬೆಕ್ಕು ಕುಡಿದು ಮೈ ನೆಕ್ಕಿಕೊಂಡು ಮಲಗಿತು. ಅಪ್ಪ ಅದನ್ನು ತೋರಿಸಿ, ನೋಡಮ್ಮಾ, ಏನೂ ಆಗಿಲ್ಲ ಎಂದರು.

"ಒಂದಿನಕ್ಕೆ ಏನಾಯ್ತದೆ? ಅದು ನಿಧಾನದ್ದು," ಎಂದಳು ಅಜ್ಜಿ.

ನನ್ನದೇ ಮಾತು.

ಮರುದಿನದಿಂದ ಚಿಕ್ಕಮ್ಮನನ್ನು ಅಡುಗೆಮನೆಗೆ ಸೇರಿಸಲಿಲ್ಲ. ಅವಳು ನೀರು ತಂದರೆ ಅಜ್ಜಿ ಮುಟ್ಟುತ್ತಿರಲಿಲ್ಲ. ಅವಳ ರಾಟೆಯನ್ನು ಬೀದಿಬಾಗಿಲ ಪಕ್ಕಕ್ಕೆ ಹಾಕಿದರು. ಬೀದಿಯ ಹೆಂಗಸರು ಅಜ್ಜಿಯನ್ನು ನೋಡಲು ಬಂದು ಹೋಗುವಾಗ ಅವಳನ್ನು ದಾಟಿ ಹೋಗುತ್ತಿದ್ದರು, ಸೆರಗು ತಾಗದ ಹಾಗೆ. ಕಾಲ್ಗುಣದ ಮಾತು ಈಗ ರಾಜಾರೋಷವಾಗಿ ಮನೆಯೊಳಗೆ ಬಂದು ಕೂತಿತು. ನಂಜಮ್ಮ, ಯಾರ ಸಲುವಾಗಿ ಚಿಕ್ಕಮ್ಮ ಬಾಯಿ ಬಿಟ್ಟಿದ್ದಳೋ ಆ ನಂಜಮ್ಮ, ತಲೆ ತಗ್ಗಿಸಿ ಕಂಡಿಕೆ ಸುತ್ತುತ್ತಿದ್ದಳು. ಕೂಲಿಯವಳು, ಏನು ಮಾಡಿಯಾಳು. ಚಿಕ್ಕಮ್ಮ ಊಟ ಬಿಟ್ಟಳು. ಕೇಳಿದವರಿಗೂ ಉತ್ತರ ಕೊಡದಾದಳು. ಒಂದು ಮಧ್ಯಾಹ್ನ ಇಟ್ಟ ಕತ್ತರಿ ಕಾಣದೆ ಹುಡುಕಿ ಹುಡುಕಿ, ಕೊನೆಗೆ ತನ್ನ ಮಡಿಲಲ್ಲೇ ಸಿಕ್ಕಾಗ ಗಟ್ಟಿಯಾಗಿ ನಕ್ಕುಬಿಟ್ಟಳು. ಆ ನಗುವಿಗೆ ಅಮ್ಮ ನನ್ನನ್ನು ಹತ್ತಿರಕ್ಕೆಳೆದುಕೊಂಡಳು. ಬಂಗಲೆಯ ಮುದುಕಿಗೆ ಆದದ್ದು ಇದೇ ಎಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ಅದು ಹೊಳೆದದ್ದು ನಮ್ಮಿಬ್ಬರಿಗೆ ಮಾತ್ರ.

ಅವಳನ್ನು ತವರಿಗೆ ಬಿಟ್ಟು ಬರುವುದೆಂದು ತೀರ್ಮಾನವಾಯಿತು. ಒಂದು ತಿಂಗಳು ಇದ್ದು ಬರಲಿ, ಅಜ್ಜಿ ಸುಧಾರಿಸಲಿ ಎಂದರು. ಹೊರಡುವ ಬೆಳಿಗ್ಗೆ ಅಪ್ಪ ನನ್ನನ್ನು ಮಗ್ಗದ ಹತ್ತಿರ ಕರೆದರು. ಅಪ್ಪ ಹೊಡೆಯುವವರಲ್ಲ. ಕೂತಲ್ಲಿಂದಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಅವರು ಗುಂಡಿಯಲ್ಲಿ ಕೂತರೆ ನಮ್ಮಿಬ್ಬರ ಮುಖ ಒಂದೇ ಎತ್ತರಕ್ಕೆ ಬರುತ್ತಿತ್ತು.

"ನಿಜ ಹೇಳಮ್ಮ. ಆ ಪುಸ್ತಕದಲ್ಲಿ ಕೊನೆಗೆ ಹಂಗೇ ಇತ್ತಾ?"

ಅವರ ಹಿಂದೆ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಪೆಟ್ಟಿಗೆ ಕೆಳಗಿಟ್ಟಿದ್ದಳು. ಅವಳು ನನ್ನ ಕಡೆ ಬೇಡುವ ಹಾಗೆ ನೋಡಲಿಲ್ಲ, ಕೋಪದಿಂದಲೂ ನೋಡಲಿಲ್ಲ. ಕಂತು ಓದಲು ನಾನು ಬಾಯಿ ತೆರೆಯುವುದನ್ನು ಕಾಯುತ್ತಿದ್ದಳಲ್ಲ, ಹಾಗೆ ಕಾಯುತ್ತಿದ್ದಳು. ನನಗೆ ಆಗ ಕೋಪವೇನೂ ಉಳಿದಿರಲಿಲ್ಲ. ಹೆದರಿಕೆ ಮಾತ್ರ ಇತ್ತು, ಕೋಲಿನ ಹೆದರಿಕೆಯೂ ಅಲ್ಲ. ಇಷ್ಟು ದಿನ ಸುಳ್ಳು ಹೇಳಿ ಇಷ್ಟು ದೊಡ್ಡದನ್ನು ಮಾಡಿದವಳು ಎಂದು ಎಲ್ಲರೂ ನನ್ನನ್ನು ನೋಡುತ್ತಾರಲ್ಲ, ಆ ನೋಟದ ಹೆದರಿಕೆ.

"ಹಂಗೇ ಇತ್ತು ಅಪ್ಪಾ," ಎಂದೆ.

ಚಿಕ್ಕಮ್ಮ ಬಗ್ಗಿ ಪೆಟ್ಟಿಗೆ ಎತ್ತಿಕೊಂಡಳು. ಚಿಕ್ಕಪ್ಪ ಮುಂದೆ, ಅವಳು ಹಿಂದೆ. ಬಸ್ ನಿಲ್ದಾಣದ ಕಡೆ ತಿರುಗುವವರೆಗೂ ನೇರವಾಗಿ ನಡೆದಳು.

ಒಂದು ತಿಂಗಳು ಆರಾಯಿತು. ಅಜ್ಜಿ ಸುಧಾರಿಸಲಿಲ್ಲ. ಈಗ ಹಾಲು ಕೊಡುತ್ತಿದ್ದದ್ದು ಅಮ್ಮ, ಕಾಲು ನೀವುತ್ತಿದ್ದದ್ದು ನಾನು. ಉರಿ ಹೆಚ್ಚಿತೇ ಹೊರತು ಇಳಿಯಲಿಲ್ಲ. ಏಳಲಾರದ ದಿನಗಳಲ್ಲೂ ಅವಳು ಬಣ್ಣದ ಹದ ಬಿಡಲಿಲ್ಲ. ಅಪ್ಪ ಸೌಟಿನಲ್ಲಿ ಹಾಸಿಗೆಯ ಹತ್ತಿರಕ್ಕೇ ತರುತ್ತಿದ್ದರು. ಬೆರಳು ಅದ್ದಿ, ನಾಲಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ "ಬಂತು" ಎನ್ನುತ್ತಿದ್ದಳು. ದೀಪಾವಳಿಗೆ ಮುಂಚೆ ತೀರಿಕೊಂಡಳು. ಅವಳ ಮೈಗೆ ಆ ವಿಷ ಮೊದಲೇ ಹತ್ತಿಬಿಟ್ಟಿತ್ತು ಎಂದು ಬೀದಿ ಹೇಳಿತು. ಚಿಕ್ಕಪ್ಪ ಹೆಂಡತಿಯನ್ನು ಮತ್ತೆ ಕರೆತರುವ ಮಾತೇ ಇರಲಿಲ್ಲ. ವರ್ಷ ತುಂಬುವುದರೊಳಗೆ ಚಿಕ್ಕಪ್ಪನಿಗೆ ಇನ್ನೊಂದು ಮದುವೆಯಾಯಿತು.

ಅಜ್ಜಿಯ ನಾಲಗೆಯ ಕೆಲಸ ಅಪ್ಪನಿಗೆ ಬಂತು. ಬೆಳಗಿನ ಉಪವಾಸ, ಸೌಟು, ಬೆರಳು, ಎಲ್ಲವೂ ಅವಳಂತೆಯೇ. ಒಂದು ವರ್ಷ ಕಳೆಯುವುದರೊಳಗೆ ಅಪ್ಪನ ಬೆರಳ ಸಂದಿಯಲ್ಲಿ ಹುಣ್ಣಾಯಿತು. ಹೊಟ್ಟೆ ಉರಿ, ವಾಂತಿ. ಈ ಸಲ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿನ ಡಾಕ್ಟರು ಹೊಟ್ಟೆ ಮುಟ್ಟುವ ಮುಂಚೆ ಕೈ ನೋಡಿ, ಏನು ಕೆಲಸ ಎಂದು ಕೇಳಿದರಂತೆ. ಅಪ್ಪ ಹೆಮ್ಮೆಯಿಂದಲೇ ಹದ ನೋಡುವುದನ್ನು ಮಾಡಿ ತೋರಿಸಿದರಂತೆ. ಡಾಕ್ಟರು ಪೆನ್ನು ಕೆಳಗಿಟ್ಟರಂತೆ. ಆ ಕಿತ್ತಳೆ ಹರಳನ್ನು ನಾಯಿಯೂ ಮೂಸಬಾರದು, ನೀವು ಬರೀ ಹೊಟ್ಟೆಯಲ್ಲಿ ನೆಕ್ಕುತ್ತಿದ್ದೀರಲ್ಲ ಎಂದು ಕೂಗಾಡಿದರಂತೆ. ಅಪ್ಪ ಮನೆಗೆ ಬಂದು ಜಗಲಿಯ ಮೇಲೆ ಕೂತು ಇದನ್ನೆಲ್ಲ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು.

"ಹಂಗಾದ್ರೆ ನಮ್ಮತ್ತೆಗೆ..." ಎಂದಳು ಅಮ್ಮ. "ಹಂಗಾದ್ರೆ ಲಲಿತ..."

ಒಳಗೆ ಚಿಕ್ಕಪ್ಪನ ಹೊಸ ಹೆಂಡತಿ, ತುಂಬಿದ ಬಸುರಿ, ರಾಟೆ ತಿರುಗಿಸುತ್ತಿದ್ದಳು.

"ಈಗ ಆ ಮಾತು ಬೇಡ," ಎಂದರು ಅಪ್ಪ.

ಅಷ್ಟೇ. ನಮ್ಮ ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಅಪ್ಪ ಉಳಿದುಕೊಂಡರು, ಹರಳು ಬಿಟ್ಟರು. ವರ್ಷಗಟ್ಟಲೆ ವಿಷ ನಮ್ಮೆಲ್ಲರ ಕಣ್ಣೆದುರಿನಲ್ಲೇ ಸೌಟಿನಲ್ಲಿ ಹೋಗುತ್ತಿತ್ತು. ನಾವು ಹಾಲಿನ ಲೋಟ ನೋಡುತ್ತಾ ಕೂತಿದ್ದೆವು, ಏಕೆಂದರೆ ನಾನು ಹಾಲು ಎಂದು ಓದಿದ್ದೆ.

ನನ್ನನ್ನು ದೇವನಹಳ್ಳಿಗೆ ಕೊಟ್ಟರು. ಅಲ್ಲಿಂದ ವಿಜಯಪುರ ಬಸ್ಸಿನಲ್ಲಿ ಒಂದು ಗಳಿಗೆಯ ದಾರಿ. ಆ ಒಂದು ಗಳಿಗೆಯ ದಾರಿಗೆ ಮೂರು ವರ್ಷ ತೆಗೆದುಕೊಂಡೆ. ಹೋದಾಗ ಮಡಿಲಲ್ಲಿ ಮಗಳಿದ್ದಳು. ಚಿಕ್ಕಮ್ಮ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಮೂವತ್ತಕ್ಕೇ ಕೂದಲು ಬೆಳ್ಳಗಾಗಿತ್ತು. ಕಿಟಕಿಯ ಮೇಲೆ ವಾರಪತ್ರಿಕೆಯ ಕತ್ತರಿಸಿದ ಹಾಳೆಗಳು, ಮೇಲೊಂದು ಕಲ್ಲು. ನನ್ನನ್ನು ಗುರುತು ಹಿಡಿದು, ಕೂತ್ಕೋ ಎಂದಳು. ಒಳಗೆ ಹೋಗಿ ಒಂದು ಲೋಟ ಹಾಲು ತಂದು ನನ್ನ ಕೈಗೆ ಕೊಟ್ಟು, ಎದುರಿಗೇ ನಿಂತು ನೋಡಿದಳು. ನಾನು ಪೂರ್ತಿ ಕುಡಿದೆ. ಲೋಟ ಬೋರಲು ಹಾಕಿ ತೋರಿಸಬೇಕೆನ್ನಿಸಿತು.

ಆಮೇಲೆ ಎಲ್ಲ ಹೇಳಿದೆ. ಅಜ್ಜಿ, ಹರಳು, ಅಪ್ಪ, ಡಾಕ್ಟರು. ನಾನು ಹೇಳಿದ ಸುಳ್ಳು, ಮೂರು ಸಲ ಹೇಳಿದ್ದು. ನಾನು ಅತ್ತುಬಿಟ್ಟೆ, ಮಗಳೂ ಅತ್ತಳು. ಚಿಕ್ಕಮ್ಮ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡಿದಳು, ನನ್ನನ್ನಲ್ಲ.

"ಹರಳಿಂದು ಗೊತ್ತಿರ್ಲಿಲ್ಲ," ಎಂದಳು. "ನೀನು ಸುಳ್ಳು ಹೇಳಿದ್ದು ಗೊತ್ತಿತ್ತಲ್ಲ. ಬಸ್ ಹತ್ತೋವರ್ಗೂ ನೀನು ಓಡ್ಬಂದು ಹೇಳ್ತೀಯ ಅಂತ ಇದ್ದೆ. ಬಸ್ ಹೊರಟ್ಮೇಲೂ ಕಿಟ್ಕಿ ಪಕ್ಕ ಕೂತು ನೋಡ್ತಾನೇ ಇದ್ದೆ."

ಏನಾದರೂ ಕೇಳಬೇಕಲ್ಲ ಎಂದು, ಮೂರ್ಖಿ ನಾನು, ಅದನ್ನೇ ಕೇಳಿದೆ.

"ಚಿಕ್ಕಮ್ಮ, ಆ ಕಥೆಲಿ ನಿಜವಾಗ್ಲೂ ಹಾಲಿಗೆ ವಿಷ ಹಾಕಿದ್ದು ಯಾರು?"

ಅವಳು ಮಗಳ ಮೂಗು ಒರೆಸಿ ನನ್ನ ಮಡಿಲಿಗೆ ಕೊಟ್ಟಳು. ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು.

"ಹೇಳಲ್ಲ ಕಣೆ," ಎಂದಳು. "ನಿಮ್ಮನೇಲಿ ನಂದೆಲ್ಲಾ ಹೋಯ್ತು. ಅದೊಂದು ನಂಗೇ ಇರ್ಲಿ."

ಅವಳು ತೀರಿಕೊಂಡು ಹತ್ತು ವರ್ಷವಾಯಿತು. ಹಳೆಯ ಪತ್ರಿಕೆಗಳನ್ನು ಇಟ್ಟಿರುವ ಕಡೆ ಹೋಗಿ ಹುಡುಕು ಅಜ್ಜಿ, ಖಂಡಿತ ಸಿಗುತ್ತೆ ಎನ್ನುತ್ತಾಳೆ ಮೊಮ್ಮಗಳು. ಸಿಗಬಹುದು. ನಾನು ಹುಡುಕಿಲ್ಲ, ಹುಡುಕುವುದೂ ಇಲ್ಲ. ಅದು ಅವಳದು.